ನಿಮ್ಮ ಪ್ರಶ್ನೆ: ಹಾಸನದ ಆಲೂಗಡ್ಡೆ ಮಂಡಿಯ ತೂಕ, ರೇಟು, ಬಿಲ್ಲಿಗೆ ಸಣ್ಣ ವೆಬ್ ಆ್ಯಪ್ ಮಾಡಬೇಕು. ಫ್ಲಾಸ್ಕ್ ಸಾಕಾ, ಜಾಂಗೊ ಕಲಿಯಬೇಕಾ?

ನಿಮ್ಮದು ಹಾಸನದ ಆಲೂಗಡ್ಡೆ, ನನ್ನದು ಚಿಕ್ಕಮಗಳೂರಿನ ಕಾಫಿ. ಉಳಿದಿದ್ದೆಲ್ಲ ಒಂದೇ. ಫ್ಲಾಸ್ಕ್, ಜಾಂಗೊ ಎರಡೂ ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟುವ ಫ್ರೇಮ್‌ವರ್ಕ್‌ಗಳು, ಅಂದರೆ ಸಿದ್ಧ ಚೌಕಟ್ಟು; ಫ್ಲಾಸ್ಕ್ ಚಿಕ್ಕದು, ಜಾಂಗೊ ದೊಡ್ಡದು.

ನಮ್ಮ ಚಿಕ್ಕಪ್ಪ ಕಾಫಿ ಖರೀದಿ ಮಾಡುತ್ತಾರೆ. ಬೆಳೆಗಾರರು ಚೆರ್ರಿ (ಹಣ್ಣನ್ನು ಹಾಗೇ ಒಣಗಿಸಿದ್ದು), ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ತರುತ್ತಾರೆ. 50 ಕೆಜಿ ಮೂಟೆಗೆ ಇಷ್ಟು ಅಂತ ಲೆಕ್ಕ, ರೇಟು ಮಾತ್ರ ಏರಿಳಿಯುತ್ತಲೇ ಇರುತ್ತದೆ. ಫ್ಲಾಸ್ಕ್ ಹಿಡಿದು ಒಂದೇ ವಾರದಲ್ಲಿ ಆ್ಯಪ್ ಮುಗಿಸಿದೆ. ಅದರೊಳಗೆ ಪೇಜಿನ ವಿಳಾಸ (URL) ನೋಡಿ ಕೆಲಸ ಹಂಚುವುದಕ್ಕೆ ವರ್ಕ್‌ಜೂಗ್, ಪೇಜ್ ಕಟ್ಟುವುದಕ್ಕೆ ಜಿಂಜಾ. ಮಿಕ್ಕಿದ್ದನ್ನು ಬೇಕಾದಷ್ಟೇ ಸೇರಿಸಿಕೊಳ್ಳಬಹುದು. 2010ರಲ್ಲಿ ಆರ್ಮಿನ್ ರೊನಾಕರ್ ಏಪ್ರಿಲ್ 1ರ ತಮಾಷೆಯಿಂದ ಹುಟ್ಟಿಸಿದ್ದು ಈ ಫ್ಲಾಸ್ಕ್. ನನಗೆ ಇವತ್ತಿಗೂ ಇದರ ಮೇಲೆ ಪ್ರೀತಿ.

ತಪ್ಪು ಮಾಡಿದ್ದು ನಾನು. ಬಿಲ್ಲುಗಳನ್ನು ಎಸ್‌ಕ್ಯೂಲೈಟ್ ಅನ್ನುವ ಸಣ್ಣ ಡೇಟಾಬೇಸ್‌ನಲ್ಲಿ ಇಟ್ಟೆ. ದಿನದ ರೇಟು ತಾನೇ, ಒಂದು ಅಂಕಿ, ಅದಕ್ಕೆ ಡೇಟಾಬೇಸ್ ಯಾಕೆ ಅಂತ ಕೋಡಿನ ಮೇಲ್ಗಡೆಯೇ ಒಂದು ಡಿಕ್ಷನರಿಯಲ್ಲಿ (ಪೈಥಾನ್‌ನಲ್ಲಿ ಹೆಸರಿಗೊಂದು ಬೆಲೆ ಅಂತ ಮೆಮೊರಿಯಲ್ಲಿ ಇಡುವ ಪಟ್ಟಿ) ಬರೆದೆ. ಚಿಕ್ಕಪ್ಪ ರೇಟು ಬದಲಿಸಿದರೆ ಆ ಡಿಕ್ಷನರಿ ಬದಲಾಗುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ ಇತ್ತು, ಯಾಕೆಂದರೆ ಅಲ್ಲಿ ಓಡುತ್ತಿದ್ದದ್ದು ಒಂದೇ ಪ್ರೋಸೆಸ್. ಸರ್ವರಿನಲ್ಲಿ ಆ್ಯಪ್ ಓಡಿಸುವುದಕ್ಕೆ ಗುನಿಕಾರ್ನ್ ಅನ್ನುವ ಪ್ರೋಗ್ರಾಂ ಹಾಕಿ 4 ವರ್ಕರ್ ಕೊಟ್ಟೆ. ಅಂದರೆ ಅದೇ ಕೋಡಿನ ನಾಲ್ಕು ಪ್ರತಿ, ನಾಲ್ಕು ಬೇರೆ ಬೇರೆ ಡಿಕ್ಷನರಿ. ನಾಲ್ಕು ಗುಮಾಸ್ತರು ಒಬ್ಬೊಬ್ಬರ ಜೇಬಿನಲ್ಲಿ ಒಂದೊಂದು ರೇಟಿನ ಚೀಟಿ ಇಟ್ಟುಕೊಂಡ ಹಾಗೆ. ಬೆಳಿಗ್ಗೆ ರೇಟು ಏರಿತು. ಚಿಕ್ಕಪ್ಪ ತಿದ್ದಿದ್ದು ಒಬ್ಬನ ಚೀಟಿಯನ್ನು ಮಾತ್ರ.

ಅವರು ಫೋನ್ ಮಾಡಿ "ಒಂದ್ಸಲ ಹೊಸ ರೇಟು ತೋರಿಸ್ತದೆ, ಒಂದ್ಸಲ ಹಳೇದು ಕಣೋ" ಅಂದರು. ನಾನು ನೆಟ್‌ವರ್ಕ್ ತೊಂದರೆ ಇರಬೇಕು, ರಿಫ್ರೆಶ್ ಮಾಡಿ ಚಿಕ್ಕಪ್ಪ ಅಂದೆ. ಬಿಲ್ಲು ಮಾಡುವುದನ್ನು ಅಲ್ಲೇ ನಿಲ್ಲಿಸಿ ಅಂದಿದ್ದರೆ ಸಾಕಿತ್ತು. ಸಂಜೆಯ ಹೊತ್ತಿಗೆ ಎಷ್ಟೋ ಬಿಲ್ಲು ಹಳೇ ರೇಟಿನಲ್ಲೇ ಹೋಗಿತ್ತು. ರೋಬಸ್ಟಾ ಕೊಯ್ಲಿನ ಸಮಯ ಬೇರೆ. ಚಿಕ್ಕಪ್ಪ ಒಬ್ಬೊಬ್ಬರಿಗೂ ಫೋನ್ ಮಾಡಿ ಬಾಕಿ ಹಣ ಕೊಟ್ಟರು. ಆದರೂ ಹಳೇ ಬೆಳೆಗಾರರೊಬ್ಬರು ಮತ್ತೆ ನಮ್ಮ ಕಡೆ ಬರಲೇ ಇಲ್ಲ.

ಜಾಂಗೊ ಇದ್ದಿದ್ದರೂ ಇದೇ ಆಗುತ್ತಿತ್ತು. ಅಲ್ಲೂ ನಾನು ಅದೇ ಡಿಕ್ಷನರಿ ಬರೆಯುತ್ತಿದ್ದೆ. ಅದಕ್ಕೇ ಯಾವ ಫ್ರೇಮ್‌ವರ್ಕ್ ಅನ್ನುವ ಪ್ರಶ್ನೆಯನ್ನು ಸದ್ಯಕ್ಕೆ ಬಿಡಿ. ಫ್ಲಾಸ್ಕೇ ಇರಲಿ, ಧಾರಾಳವಾಗಿ ಸಾಕು. ಹಣಕ್ಕೆ ಸಂಬಂಧಪಟ್ಟ ಪ್ರತಿ ಅಂಕಿಯೂ ಎಲ್ಲಿ ಕೂರುತ್ತದೆ ಅಂತ ಮೊದಲು ಕಾಗದದ ಮೇಲೆ ಬರೆಯಿರಿ. ರೇಟಿಗೆ ಒಂದು ಟೇಬಲ್ ಮಾಡಿ. ಹಳೇದನ್ನು ಅಳಿಸಬೇಡಿ, ತಾರೀಖು, ಸಮಯದ ಜೊತೆ ಹೊಸ ಸಾಲು ಸೇರಿಸಿ. ಬಿಲ್ಲಿನಲ್ಲೂ ಆ ಹೊತ್ತಿನ ರೇಟನ್ನು ಬರೆದಿಡಿ. ತೂಕ, ರೇಟು, ಬಿಲ್ಲು ಅಂತ ಬ್ಲೂಪ್ರಿಂಟ್‌ಗಳಾಗಿ (ಫ್ಲಾಸ್ಕ್ ಆ್ಯಪಿನ ಬೇರೆ ಬೇರೆ ಭಾಗಗಳು) ಒಡೆಯುವುದು ಆಮೇಲೆ ಮಾಡಿದರೂ ನಡೆಯುತ್ತದೆ. ತಪ್ಪು ಹುಡುಕುವುದಕ್ಕೆ ಇರುವ ಡಿಬಗ್ ಮೋಡ್ ಮಾತ್ರ ಸರ್ವರಿನಲ್ಲಿ ಬೇಡವೇ ಬೇಡ, ಅದರ ಮೂಲಕ ಹೊರಗಿನವರು ನಿಮ್ಮ ಸರ್ವರಿನಲ್ಲಿ ಕೋಡ್ ಓಡಿಸಬಹುದು.

ನಿಮ್ಮ ಮಂಡಿಯಲ್ಲಿ ರೇಟು ದಿನಕ್ಕೆ ಎಷ್ಟು ಸಲ ಬದಲಾಗುತ್ತದೆ, ಯಾರು ಬದಲಿಸುತ್ತಾರೆ ಅಂತ ಕೆಳಗೆ ಬರೆಯಿರಿ. ಟೇಬಲ್ ಹೇಗಿರಬೇಕು ಅಂತ ಕೂತು ನೋಡೋಣ.