ಐವತ್ತೆರಡರಲ್ಲಿ ಮೂವತ್ತೆಂಟು ಹೋದರೆ

ಓದುಗರ ಪತ್ರ (ಸಾರಾಂಶ): ಡಿ.ಎಲ್.ಇಡಿ (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ಎರಡನೇ ವರ್ಷದಲ್ಲಿದ್ದೇನೆ. ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇಂಟರ್ನ್‌ಶಿಪ್, ಇದು ಆರನೇ ವಾರ. ಬೆಳಿಗ್ಗೆ ನಲಿಕಲಿ (ಚಿಕ್ಕ ಮಕ್ಕಳು ಗುಂಪಾಗಿ ಕೂತು ಕಾರ್ಡ್ ಹಿಡಿದು ಕಲಿಯುವ ಪದ್ಧತಿ), ಮಧ್ಯಾಹ್ನ ನಾಲ್ಕನೇ ತರಗತಿಗೆ ಗಣಿತ. ರಾತ್ರಿ ಹನ್ನೊಂದರವರೆಗೆ ಕೂತು ಪಾಠ ಯೋಜನೆ ಬರೆಯುತ್ತೇನೆ, ಮಾರನೇ ದಿನ ಹತ್ತೇ ನಿಮಿಷಕ್ಕೆ ಅದು ಹಳ್ಳ ಹಿಡಿಯುತ್ತದೆ. ನಾನು ಕೂಗಿ ಕೂಗಿ ಗಂಟಲು ಕಟ್ಟಿದರೂ ಸುಮ್ಮನಾಗದ ಮಕ್ಕಳು, ಅಲ್ಲಿನ ಮೇಡಂ ಬಾಗಿಲಲ್ಲಿ ಬಂದು ನಿಂತರೆ ಕಮಕ್ ಕಿಮಕ್ ಅನ್ನುವುದಿಲ್ಲ. ನಲಿಕಲಿ ಪಾಠ ನೋಡಲು ಕಾಲೇಜಿನಿಂದ ಬಂದ ಸರ್ ಅವಲೋಕನ ಪುಸ್ತಕದಲ್ಲಿ ‘ತರಗತಿ ನಿಯಂತ್ರಣ ಸಾಲದು’ ಎಂದು ಬರೆದು ಹೋದರು. ನಾನು ಟೀಚರ್ ಆಗೋಕೆ ಲಾಯಕ್ಕಾ? ಇನ್ನೊಂದು, ಕೊನೇ ದಿನ ಮಕ್ಕಳಿಗೆ ಏನು ಕೊಟ್ಟು ಬರಲಿ? ದಯವಿಟ್ಟು ಹೆಸರು, ಊರು ಹಾಕಬೇಡಿ.

ಸಂಪಾದಕರ ಉತ್ತರ:

ತಂಗಿ, ನಿಮ್ಮ ಪತ್ರ ಓದಿ ಮೊದಲು ನಗು ಬಂತು. ಬೇಜಾರು ಮಾಡಿಕೊಳ್ಳಬೇಡಿ. ಈ ಪತ್ರಿಕೆಗೆ ಬರುವ ಮುಂಚೆ ನಾನು ಹನ್ನೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಟಿಸಿಎಚ್ (ಆಗಿನ ಶಿಕ್ಷಕರ ತರಬೇತಿ) ಓದುವಾಗ ನನ್ನ ಪಾಠದ ಪುಸ್ತಕದಲ್ಲೂ ಕೆಂಪು ಶಾಯಿಯಲ್ಲಿ ಹೆಚ್ಚು ಕಮ್ಮಿ ಇದೇ ಮಾತು ಬಿದ್ದಿತ್ತು. ನನಗೆ ಬರೆದವರು ಇನ್ನೂ ಒಂದು ಸೇರಿಸಿದ್ದರು: ‘ಧ್ವನಿ ಜಾಸ್ತಿಯಾಯಿತು.’

ಮೊದಲು ಆ ಷರಾದ ವಿಚಾರ ಮುಗಿಸೋಣ. ಸರ್ ನೋಡಿದ್ದು ನಲಿಕಲಿ ತರಗತಿ. ಅಲ್ಲಿ ಮಕ್ಕಳ ಐದು ಗುಂಪು, ಅಂದರೆ ಐದು ತಟ್ಟೆ ಇರುತ್ತವೆ, ನಿಮಗೆ ಗೊತ್ತೇ ಇದೆ. ಒಂದನೇ ತಟ್ಟೆಯವರ ಜೊತೆ ನೀವು ಪೂರ್ತಿ ಕೂತಿರಬೇಕು. ಐದನೆಯವರು ತಾವೇ ಕಲಿಯುತ್ತಾರೆ. ನಡುವಿನವರಿಗೆ ಒಂದಿಷ್ಟು ನೀವು, ಒಂದಿಷ್ಟು ಪಕ್ಕದ ಗೆಳೆಯರು. ಒಬ್ಬಳು ಕಾರ್ಡ್ ಹುಡುಕುತ್ತಿರುತ್ತಾಳೆ, ಒಬ್ಬ ಗೋಡೆಯ ಕಪ್ಪು ಪಟ್ಟಿಯ ಮೇಲೆ ‘ರ’ ತಿದ್ದುತ್ತಿರುತ್ತಾನೆ, ಇಬ್ಬರು ‘ಗರಗಸ’ದಲ್ಲಿ ಎಷ್ಟು ‘ಗ’ ಅಂತ ಜಗಳ ಆಡುತ್ತಿರುತ್ತಾರೆ. ಇಲ್ಲಿ ಗಲಾಟೆ ಇಲ್ಲದಿದ್ದರೆ ಏನೋ ಕೆಟ್ಟಿದೆ ಅಂತಲೇ ಅರ್ಥ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಈ ಪದ್ಧತಿ ಶುರುವಾಗಿದ್ದೇ ಎಲ್ಲರೂ ಸಾಲಾಗಿ ಕೂತು ಒಂದೇ ಪಾಠ ಕೇಳುವ ರೂಢಿ ಬಿಡಿಸಲಿಕ್ಕೆ. ‘ಅ ಆ ಇ ಈ’ ಬಿಟ್ಟು ‘ರ ಗ ಸ ದ ಅ’ದಿಂದ ಅಕ್ಷರ ಆರಂಭಿಸಿದ್ದೂ ಹಾಗೇ. ಐದು ಅಕ್ಷರ ಬಂದರೆ ಮಗು ಅರಸ, ಅಗಸ, ಸರ, ಗರಗಸ ಎಲ್ಲಾ ಓದಿಬಿಡುತ್ತದೆ. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಇದು ಬಂತು. ನೋಡಲು ಬರುವವರ ಕಣ್ಣು ಮಾತ್ರ ಕೆಲವು ಕಡೆ ಇನ್ನೂ ಹಳೇ ಬೆಂಚುಗಳನ್ನೇ ಹುಡುಕುತ್ತದೆ.

ಹಾಗಂತ ಸರ್ ಹೇಳಿದ್ದು ಪೂರ್ತಿ ಸುಳ್ಳು ಅಂತಲ್ಲ. ಕೆಲಸದ ಗಲಾಟೆ ಬೇರೆ, ಕೆಲಸ ಇಲ್ಲದ ಗಲಾಟೆ ಬೇರೆ. ಎರಡನೆಯದು ಎಲ್ಲಿ ಏಳುತ್ತದೆ ಅಂತ ನೋಡಿ. ನನ್ನ ತರಗತಿಯಲ್ಲಿ ಅದು ಯಾವಾಗಲೂ ಸಾಮಾನು ಹಂಚುವಾಗ ಏಳುತ್ತಿತ್ತು. ನಾನು ಮೊದಲು ಕೈಗೆ ಕಾರ್ಡ್ ಕೊಡುತ್ತಿದ್ದೆ, ಆಮೇಲೆ ಏನು ಮಾಡಬೇಕು ಅಂತ ಹೇಳುತ್ತಿದ್ದೆ. ಕೈಗೆ ಕಾರ್ಡ್ ಬಂದ ಮೇಲೆ ಯಾವ ಮಗು ಕೇಳಿಸಿಕೊಳ್ಳುತ್ತದೆ? ನಾನಿದ್ದ ಶಾಲೆಯ ಮೇಡಂ ಒಬ್ಬರು ಬರಿಗೈಲಿ ನಿಂತು ಕೆಲಸ ಹೇಳುತ್ತಿದ್ದರು. ಆಮೇಲೆ ಹಿಂದಿನ ಸಾಲಿನ ಒಬ್ಬರ ಹತ್ತಿರ ‘ಏನ್ ಮಾಡ್ಬೇಕು ಹೇಳಪ್ಪ’ ಅಂತ ಹೇಳಿಸುತ್ತಿದ್ದರು. ಸಾಮಾನು ಕೈಗೆ ಸಿಗುತ್ತಿದ್ದುದು ಇಷ್ಟಾದ ಮೇಲೇ. ಇದನ್ನು ಗಮನಿಸಲು ನನಗೆ ಮೂರು ವಾರ ಬೇಕಾಯಿತು. ಯಾಕೆಂದರೆ ನಾನು ಅವರ ಮಾತು ಕೇಳುತ್ತಿದ್ದೆ, ಕೈ ನೋಡುತ್ತಿರಲಿಲ್ಲ.

ನಿಮ್ಮ ಮೇಡಂ ಬಾಗಿಲಲ್ಲಿ ನಿಂತರೆ ಮಕ್ಕಳು ಸುಮ್ಮನಾಗುವುದಕ್ಕೂ ಇಂಥದ್ದೇ ಕಾರಣಗಳಿರಬಹುದು. ಆ ಮೌನ ಜೂನ್‌ನಿಂದ ಕಟ್ಟಿದ್ದು. ಯಾರು ಯಾರ ಪಕ್ಕ ಕೂತರೆ ಜಗಳ, ಯಾರು ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದಾನೆ, ಇದೆಲ್ಲ ಅವರಿಗೆ ಗೊತ್ತು. ಒಂದು ವಾರ ಪ್ರಾರ್ಥನೆಗೆ ಮುಂಚೆ ಹೋಗಿ, ಬೆಲ್ ಹೊಡೆಯುವ ಮುಂಚಿನ ಹತ್ತು ನಿಮಿಷ ಅವರು ಏನು ಮಾಡುತ್ತಾರೆ ಅಂತ ಸುಮ್ನೆ ನೋಡಿ. ಅವರ ಕೈಯಲ್ಲಿ ಕೋಲು ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ಅದೊಂದನ್ನು ಮಾತ್ರ ಕಲಿಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವನ್ನು ಹೊಡೆಯುವುದನ್ನೂ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ‘ಒಂದು ಬಿಟ್ರೆ ಸರಿಹೋಗ್ತವೆ’ ಅಂತ ಯಾರಾದರೂ ಸಲಹೆ ಕೊಟ್ಟರೆ ತಲೆ ಅಲ್ಲಾಡಿಸಿ ಬಂದುಬಿಡಿ. ಶಾಲೆಯಲ್ಲಿ ನೀವಿನ್ನೂ ಅತಿಥಿ. ವಾದ ಬೇಡ, ಪಾಲನೆಯೂ ಬೇಡ.

ಈಗ ಪಾಠ ಯೋಜನೆ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ನನ್ನದೇ ಕಥೆ ಇದೆ.

ನಾಲ್ಕನೇ ತರಗತಿಗೆ ಕಳೆಯುವ ಲೆಕ್ಕ. ದಶಕ ಸಹಿತ. ನಾನು ಎರಡು ರಾತ್ರಿ ಕೂತು ಚಾರ್ಟ್ ಬರೆದಿದ್ದೆ, ಬಿಡಿ ಸ್ಥಾನಕ್ಕೆ ಹಸಿರು, ಹತ್ತರ ಸ್ಥಾನಕ್ಕೆ ಕೆಂಪು. ‘ಪಕ್ಕದ ಮನೆಯಿಂದ ಸಾಲ ತರೋಣ’ ಅಂತ ಕಥೆ ಬೇರೆ. ‘ಅರ್ಥ ಆಯ್ತಾ?’ ಅಂದೆ. ‘ಆಯ್ತು ಸಾ...ರ್’ ಅಂತ ಇಡೀ ತರಗತಿ ರಾಗ ಎಳೆಯಿತು. ನನಗೆ ಭಾರಿ ಖುಷಿ. ಬೋರ್ಡಿನ ಮೇಲೆ 52ರಲ್ಲಿ 38 ಕಳೆಯಿರಿ ಅಂತ ಬರೆದೆ. ಸ್ಲೇಟು ನೋಡುತ್ತಾ ಹೋದರೆ ಅರ್ಧಕ್ಕೂ ಜಾಸ್ತಿ ಮಕ್ಕಳ ಉತ್ತರ 26. ಎಲ್ಲರದ್ದೂ ಅದೇ 26. ಕಾಪಿ ಹೊಡೆದಿದ್ದಾರೆ ಅಂತ ರೇಗಿದೆ, ಮತ್ತೆ ಮೊದಲಿಂದ ಅದೇ ಪಾಠ ಇನ್ನೂ ಜೋರಾಗಿ ಹೇಳಿದೆ. ಮತ್ತೆ 26.

ಸಂಜೆ ಒಬ್ಬ ಹುಡುಗನನ್ನು ಜಗಲಿಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ‘ಹೆಂಗೆ ಮಾಡಿದೆ ಹೇಳೋ’ ಅಂದೆ. ಅವನು ಹೇಳಿದ್ದು ಇಷ್ಟು: ‘ಎರಡರಲ್ಲಿ ಎಂಟು ಹೋಗಲ್ಲ ಸಾರ್. ದೊಡ್ಡದರಲ್ಲಿ ಚಿಕ್ಕದು ಕಳೀಬೇಕು. ಅದಕ್ಕೆ ಎಂಟರಲ್ಲಿ ಎರಡು ಕಳೆದೆ, ಆರು. ಐದರಲ್ಲಿ ಮೂರು ಹೋದ್ರೆ ಎರಡು.’ ಇಪ್ಪತ್ತಾರು! ‘ದೊಡ್ಡದರಲ್ಲಿ ಚಿಕ್ಕದು ಕಳೆಯಬೇಕು’ ಅಂತ ಎರಡನೇ ಕ್ಲಾಸಿನಲ್ಲಿ ಯಾರೋ ನಮ್ಮಂಥವರೇ ಹೇಳಿಕೊಟ್ಟ ಮಾತು. ಅವನು ಅದನ್ನು ನಿಯತ್ತಾಗಿ ಪಾಲಿಸಿದ್ದ. ‘ಸರಿ, ನಿನ್ನ ಹತ್ರ 52 ರೂಪಾಯಿ ಇದೆ, ಅಂಗಡೀಲಿ 38 ಕೊಟ್ಟೆ’ ಅಂದೆ. ಬೆರಳು ಮಡಿಸಿದ. ‘38ಕ್ಕೆ ಎರಡು ಹಾಕಿದ್ರೆ 40. ಹತ್ತು ಹಾಕಿದ್ರೆ 50. ಇನ್ನೆರಡು. 14 ಉಳೀತು.’ ಸ್ಲೇಟಿನ 26 ಅವನ ತೊಡೆಯ ಮೇಲೇ ಇತ್ತು. ಎರಡೂ ಒಂದೇ ಲೆಕ್ಕ ಅಂತ ಅವನಿಗೆ ಅನ್ನಿಸಿರಲೇ ಇಲ್ಲ.

ನನ್ನ ಎರಡು ರಾತ್ರಿಯ ಯೋಜನೆಯಲ್ಲಿ ಈ ಹುಡುಗನಿಗೆ ಜಾಗವೇ ಇರಲಿಲ್ಲ. ನಾನು ಏನು ಹೇಳುತ್ತೇನೆ, ಯಾವಾಗ ಚಾರ್ಟ್ ತೋರಿಸುತ್ತೇನೆ, ಎಲ್ಲಾ ನನ್ನದೇ. ನಿಮ್ಮದು ಯಾಕೆ ಹಳ್ಳ ಹಿಡಿಯುತ್ತಿದೆ ಅಂತ ನನಗಿರುವ ಅನುಮಾನವೂ ಇದೇ.

ಇದರಲ್ಲಿ ನಿಮ್ಮ ತಪ್ಪು ಕಡಿಮೆ. ಡಾನ್ ಲಾರ್ಟಿ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1975ರಲ್ಲೇ ಇದನ್ನು ಬರೆದಿದ್ದಾರೆ. ಟೀಚರ್ ಆಗಲು ಬರುವವರು ಅಷ್ಟರಲ್ಲಾಗಲೇ ವರ್ಷಗಟ್ಟಲೆ ಟೀಚರುಗಳನ್ನು ನೋಡಿರುತ್ತಾರೆ, ಆದರೆ ಬೆಂಚಿನ ಮೇಲೆ ಕೂತು. ಒಂದನೇ ಕ್ಲಾಸಿನಿಂದ ಪಿಯುಸಿವರೆಗೆ ನೀವೂ ಹನ್ನೆರಡು ವರ್ಷ ಹಾಗೇ ನೋಡಿದ್ದೀರಿ. ಅಲ್ಲಿಂದ ಕಾಣುವುದು ಬೋರ್ಡು, ಸೀಮೆಸುಣ್ಣ, ಮಾತು. ಮೇಷ್ಟ್ರ ಕಣ್ಣು ಯಾವ ಸ್ಲೇಟಿನ ಮೇಲಿತ್ತು, ನಿನ್ನೆ ಸಂಜೆ ಅವರು ಏನು ಬದಲಿಸಿಕೊಂಡು ಬಂದಿದ್ದರು, ಇದು ಕಾಣುವುದಿಲ್ಲ. ಎನ್‌ಸಿಟಿಇಯ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) 2014ರ ನಿಯಮ ಡಿ.ಎಲ್.ಇಡಿಗೆ ಕನಿಷ್ಠ 20 ವಾರ ಶಾಲೆಯಲ್ಲಿರಬೇಕು ಎಂದಿರುವುದು ಆ ಹನ್ನೆರಡು ವರ್ಷದ ಅಭ್ಯಾಸ ಸ್ವಲ್ಪ ಸಡಿಲವಾಗಲಿ ಅಂತಲೇ ಇರಬೇಕು. ನಮ್ಮ ಕಾಲದಲ್ಲಿ ಇಂತಿಷ್ಟು ಪಾಠ ಮುಗಿಸಿ ಸಹಿ ಹಾಕಿಸಿಕೊಂಡರೆ ಆಯಿತು. ಆರು ವಾರದಲ್ಲಿ ತೀರ್ಪು ಕೇಳುತ್ತಿದ್ದೀರಲ್ಲ, ಸ್ವಲ್ಪ ಅವಸರವಾಯಿತು ಅಲ್ವಾ?

ಪಾಠ ಯೋಜನೆಗೆ ಕಾಲೇಜು ಕೊಟ್ಟ ನಮೂನೆ ಬಿಡಬೇಡಿ. ಅಂಕ ಅದರಲ್ಲಿದೆ, ತುಂಬಿ. ಆದರೆ ಹಿಂದಿನ ಖಾಲಿ ಪುಟದಲ್ಲಿ ಎರಡೇ ಸಾಲು ಬರೆಯಿರಿ: ಇವತ್ತು ಮಕ್ಕಳು ಎಲ್ಲಿ ಎಡವಬಹುದು, ಎಡವಿದರೆ ನಾನೇನು ಕೊಡುತ್ತೇನೆ. ಸಂಜೆ ಬಂದು ನಿಜಕ್ಕೂ ಎಲ್ಲಿ ಎಡವಿದರು ಅಂತ ಒಂದು ಸಾಲು. ಮೊದಲ ವಾರ ನಿಮ್ಮ ಊಹೆ ಎಲ್ಲಾ ತಪ್ಪಿರುತ್ತದೆ. ನನ್ನದು ತಿಂಗಳುಗಟ್ಟಲೆ ತಪ್ಪಿತ್ತು.

ಮತ್ತೆ ಆ ‘ಅರ್ಥ ಆಯ್ತಾ’ ಬಿಟ್ಟುಬಿಡಿ. ಅದಕ್ಕೆ ‘ಇಲ್ಲ’ ಅಂದ ಮಗುವನ್ನು ನಾನು ಇದುವರೆಗೂ ಕಂಡಿಲ್ಲ. ಪ್ರಶ್ನೆ ಕೇಳಿ ಕಾಯಿರಿ. ಮೇರಿ ಬಡ್ ರೋ ಎಂಬ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದರು. ಪ್ರಶ್ನೆ ಕೇಳಿದ ಟೀಚರ್ ಉತ್ತರಕ್ಕೆ ಕಾಯುವುದು ಸುಮಾರು 1 ಸೆಕೆಂಡ್ ಮಾತ್ರ. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳೂ ಬಾಯಿ ಬಿಟ್ಟರು. ಮೂರು ಸೆಕೆಂಡ್ ಏನು ಮಹಾ ಅನ್ನಿಸುತ್ತದೆ. ತರಗತಿಯ ಮುಂದೆ ನಿಂತು ಕಾದು ನೋಡಿ, ಯುಗ ಕಳೆದ ಹಾಗಿರುತ್ತದೆ. ನಾನು ಜೇಬಿನಲ್ಲಿ ಮೂರು ಹುಣಸೆ ಬೀಜ ಇಟ್ಟುಕೊಂಡು ಒಂದೊಂದಾಗಿ ಬೆರಳಲ್ಲಿ ತಳ್ಳುತ್ತಿದ್ದೆ.

ಖಾಲಿ ಇರುವ ಎಲ್ಲಾ ಕ್ಲಾಸಿಗೂ ನಿಮ್ಮನ್ನೇ ತಳ್ಳುತ್ತಿದ್ದರೆ, ಅದನ್ನು ಕಾಲೇಜಿನವರಿಗೆ ಹೇಳಿ. ನೀವು ಬರೆದಿಲ್ಲ, ಆದರೆ ಬೇರೆಯವರ ಪತ್ರಗಳಲ್ಲಿ ಈ ದೂರು ಇದ್ದೇ ಇರುತ್ತದೆ. ಶಾಲೆಯವರ ಕಷ್ಟವೂ ನನಗೆ ಗೊತ್ತು. ಆದರೂ ಇಂಟರ್ನ್ ಅಂದರೆ ಪುಕ್ಕಟೆ ಮೇಷ್ಟ್ರಲ್ಲ.

ಲಾಯಕ್ಕಾ ಅಂತ ಕೇಳಿದ್ದೀರಿ. ಅದನ್ನು ಇಲ್ಲಿ ಕೂತು ನಾನು ಹೇಳಲಾರೆ. ಗಂಟಲು ಕಟ್ಟಿದ ಮೇಲೂ ಮಾರನೇ ದಿನ ಹೋಗಿದ್ದೀರಿ ಅನ್ನುವುದು ಮಾತ್ರ ಪತ್ರದಲ್ಲಿ ಕಾಣುತ್ತಿದೆ.

ಕೊನೇ ದಿನದ ಉಡುಗೊರೆಗೆ ಪೆನ್ಸಿಲ್, ಚಾಕಲೇಟ್ ಅಂತ ದುಡ್ಡು ಸುರಿಯಬೇಡಿ. ತೆಂಗಿನ ಗರಿಯ ಪೊರಕೆ ಕಡ್ಡಿ ಸಮನಾಗಿ ಕತ್ತರಿಸಿ, ಹತ್ತು ಹತ್ತರ ಕಟ್ಟು ಕಟ್ಟಿ. ಬಿಡಿ ಕಡ್ಡಿಗಳೂ ಒಂದಿಷ್ಟು ಇರಲಿ. ಐದು ಕಟ್ಟು, ಎರಡು ಬಿಡಿ ಕೈಯಲ್ಲಿಟ್ಟು ‘ಮೂವತ್ತೆಂಟು ಕೊಡು’ ಅಂದರೆ ಮಗು ಒಂದು ಕಟ್ಟು ಬಿಚ್ಚಲೇಬೇಕು. ಪಕ್ಕದ ಮನೆ ಸಾಲದ ಕಥೆ ಆಗ ಬೇಕಾಗುವುದಿಲ್ಲ. ಈಗಿನಿಂದಲೇ ಅದರಲ್ಲಿ ಆಡಿಸಿ. ಬರುವಾಗ ಬೀರುವಿನಲ್ಲಿಟ್ಟು ಬೀಗ ಹಾಕದಂತೆ ಮೇಡಂಗೆ ಹೇಳಿ, ಮಕ್ಕಳ ಕೈಗೆ ಸಿಗುವ ಕಡೆ ಡಬ್ಬದಲ್ಲಿಟ್ಟು ಬನ್ನಿ. ರಬ್ಬರ್ ಬ್ಯಾಂಡ್ ಮಾತ್ರ ಜಾಸ್ತಿ ತಗೊಳ್ಳಿ. ಎರಡೇ ದಿನದಲ್ಲಿ ಅರ್ಧ ಹೆಣ್ಣುಮಕ್ಕಳ ಜಡೆಗೆ ಹೋಗಿರುತ್ತವೆ.