ಪಾದ ನೆಟ್ಟಗಾಯ್ತಲ್ಲ, ಇನ್ನೂ ಬೂಟು ಯಾಕೆ?

ಪ್ರಶ್ನೆ: ಮಗನಿಗೆ ಏಳು ತಿಂಗಳು. ಹುಟ್ಟುವಾಗಲೇ ಎಡಪಾದ ಸೊಟ್ಟ ಇತ್ತು. ವಾರವಾರ ಪ್ಲಾಸ್ಟರ್ ಹಾಕಿಸಿ ನೆಟ್ಟಗಾಗಿದೆ. ಈಗ ಎರಡೂ ಕಾಲಿನ ಬೂಟುಗಳನ್ನು ಸೇರಿಸುವ ಕಂಬಿ ಇರುವ ಬೂಟು ಹಾಕಿದರೆ ರಾತ್ರಿ ಅಳುತ್ತಾನೆ. ಎಣ್ಣೆ ತಿಕ್ಕಿದರೆ ಸಾಕು ಅಂತಾರೆ ಅತ್ತೆ. ಬಿಡಬಹುದಾ? ಸರಿಯಿರುವ ಬಲಗಾಲಿಗೂ ಬೂಟು ಯಾಕೆ?
– ತೀರ್ಥಹಳ್ಳಿಯ ತಾಯಿ

ಉತ್ತರ: ಬಿಡಬೇಡಿ. ಈ ಮಾತನ್ನು ವಾರಕ್ಕೆ ನಾಲ್ಕು ಸಲ ಹೇಳಿ ನನಗೂ ಸಾಕಾಗಿದೆ.

ಪ್ಲಾಸ್ಟರ್ ಪಾದವನ್ನು ದಾರಿಗೆ ತರುತ್ತದೆ, ಅಷ್ಟೇ. ಒಳಗಿನ ಬಿಗಿ ಪೂರ್ತಿ ಹೋಗಿರುವುದಿಲ್ಲ. ಮಗು ಬೆಳೆದಂತೆ ಪಾದ ಮತ್ತೆ ಒಳಕ್ಕೆ ತಿರುಗುತ್ತದೆ. ಅದಕ್ಕೇ ಕೊನೆಯ ಪ್ಲಾಸ್ಟರ್ ಬಿಚ್ಚಿದ ಮೇಲೆ 3 ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ 4–5 ವರ್ಷದವರೆಗೆ ನಿದ್ದೆ ಹೊತ್ತಲ್ಲೆಲ್ಲ ಬೂಟು ಬೇಕು. ಮಧ್ಯಾಹ್ನದ ನಿದ್ದೆಯೂ ಲೆಕ್ಕ. ಸೊಟ್ಟ ಇದ್ದ ಪಾದ 60–70 ಡಿಗ್ರಿ ಹೊರಕ್ಕೆ ತಿರುಗಿಯೇ ಇರಬೇಕು. ಕಂಬಿಯ ಆಚೆ ತುದಿಗೆ ಇನ್ನೊಂದು ಕಾಲಿಲ್ಲದಿದ್ದರೆ ಅದು ನಿಲ್ಲುವುದಿಲ್ಲ. ಬಲಗಾಲಿಗೆ ಬೂಟು ಅದಕ್ಕೇ.

ಅಳುವಾಗ ಬಿಚ್ಚಿದಿರಾ? ಅತ್ತರೆ ಬಿಚ್ಚುತ್ತಾರೆ ಅಂತ ಮಗು ಕಲಿತಾಯ್ತು. ಮೊದಲು ಬೂಟಿನ ಹಿಂದಿನ ತೂತಲ್ಲಿ ಹಿಮ್ಮಡಿ ಕಾಣುತ್ತಾ ನೋಡಿ. ಕಾಣದಿದ್ದರೆ ಪಾದ ಒಳಗೆ ಕೂತಿಲ್ಲ, ನಡುವಿನ ಪಟ್ಟಿ ಬಿಗಿ ಮಾಡಿ. ಬೊಬ್ಬೆ ಎದ್ದರೆ ಬೂಟು ಬಿಗಿಯಾಯ್ತು ಅಂತ ಸಡಿಲ ಮಾಡುತ್ತಾರೆ. ತಪ್ಪು. ಸಡಿಲಾಗಿ ಜಾರಿ ಉಜ್ಜುವುದರಿಂದಲೇ ಬೊಬ್ಬೆ ಏಳುವುದು ಜಾಸ್ತಿ. ಬೊಬ್ಬೆ ಒಡೆದಿದ್ದರೆ ಮಾತ್ರ ಸುಮ್ನೆ ಮನೆಯಲ್ಲಿ ಕೂರದೆ ಕರೆದುಕೊಂಡು ಬನ್ನಿ. ಎರಡೂ ಕಾಲು ಹಿಡಿದು ಒಟ್ಟಿಗೆ ಮಡಚಿ, ಚಾಚಿ ಆಡಿಸಿ. ಒಂದೊಂದೇ ಕಾಲು ಒದೆಯಲಾಗದೆ ಅಳುವ ಮಕ್ಕಳೇ ಜಾಸ್ತಿ. ಕೆಲವು ದಿನಕ್ಕೆ ಒಗ್ಗಿಕೊಳ್ಳುತ್ತವೆ.

ಅತ್ತೆಯವರು ಬಚ್ಚಲಲ್ಲಿ ಎಣ್ಣೆ ಹಚ್ಚಿ ಎರೆಯಲಿ, ನನ್ನ ತಕರಾರಿಲ್ಲ. ಪಾದದಲ್ಲಿ ಮಾತ್ರ ಎಣ್ಣೆ ಉಳಿಯಬಾರದು, ಹಿಮ್ಮಡಿ ಜಾರುತ್ತದೆ. ನಮ್ಮ ಮಳೆಗಾಲದಲ್ಲಿ ಹತ್ತಿಯ ಕಾಲುಚೀಲ ನಾಲ್ಕೈದು ಜೊತೆ ಇಟ್ಟುಕೊಳ್ಳಿ. ಒದ್ದೆಯದ್ದು ಹಾಕಬೇಡಿ. ಚರ್ಮದ ಬೂಟನ್ನು ಬಚ್ಚಲೊಲೆ ಮೇಲೆ ಒಣಗಿಸಿದರೆ ಸೆಟೆದುಕೊಳ್ಳುತ್ತದೆ. ನೆರಳಲ್ಲಿ ಗಾಳಿಗಿಡಿ.

ದಿನಾ ಹಾಕ್ತೀವಿ ಡಾಕ್ಟ್ರೇ ಅನ್ನುತ್ತಾರೆ. ಬೂಟಿನ ಪಟ್ಟಿಯಲ್ಲಿ ಒಂದು ಮಡಿಕೆಯೂ ಇರುವುದಿಲ್ಲ. ನನಗೆ ಗೊತ್ತಾಗುತ್ತದೆ. ಬಯ್ಯಲ್ಲ, ನಿಜ ಹೇಳಿ. ಪಾದ ಮತ್ತೆ ತಿರುಗಿದರೆ ಮತ್ತೆ ಪ್ಲಾಸ್ಟರ್, ಕೆಲವರಿಗೆ ಆಪರೇಷನ್.

ಪ್ರಶ್ನೆ: ಗ್ರಹಣದಲ್ಲಿ ಹೊರಗೆ ಬಂದಿದ್ದಕ್ಕೆ ಮಗುವಿನ ಪಾದ ಸೊಟ್ಟ ಆಯ್ತಾ?
ಉತ್ತರ: ಇಲ್ಲ. ಹೆಂಗಸರನ್ನು ಬಯ್ಯುವುದು ನಿಲ್ಲಿಸಿ.

ಪ್ರಶ್ನೆ: ಎಳೆದು ಕಟ್ಟಿ ಎಂಟೇ ದಿನದಲ್ಲಿ ಸರಿ ಮಾಡುವವರಿದ್ದಾರಂತೆ?
ಉತ್ತರ: ಅವರು ಎಳೆದು ಬಿಟ್ಟ ಪಾದಗಳನ್ನು ಆಮೇಲೆ ನೋಡುವವನು ನಾನು. ಹೋಗಬೇಡಿ.

ಪ್ರಶ್ನೆ: ಎರಡು ವರ್ಷದ ಮಗಳದ್ದು ಚಪ್ಪಟೆ ಪಾದ. ಸ್ಪೆಷಲ್ ಶೂ ಬೇಕಾ?
ಉತ್ತರ: ನೋವಿಲ್ಲ, ಪಾದ ಮೆತ್ತಗೆ ಬಾಗುತ್ತದೆ ಅಂದರೆ ಬೇಡ. ದುಡ್ಡು ಉಳಿಸಿ.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಎಂಸಿಆರ್ ಚಪ್ಪಲಿ (ಮೆತ್ತನೆ ರಬ್ಬರಿನದ್ದು) ಕೊಟ್ಟಿದ್ದಾರೆ. ಮನೆಯೊಳಗೂ ಹಾಕಬೇಕಾ?
ಉತ್ತರ: ಹಾಕಬೇಕು. ಜೋಮು ಹಿಡಿದ ಕಾಲಿಗೆ ಅಂಗಳದ ಮುಳ್ಳೂ ಗೊತ್ತಾಗಲ್ಲ, ಒಲೆ ಮುಂದಿನ ಕೆಂಡವೂ ಗೊತ್ತಾಗಲ್ಲ. ಒಳಗೆ ಹಾಕಲು ಬೇರೆ ಜೊತೆ ಇಟ್ಟುಕೊಳ್ಳಿ. ಹೊರಗಿನದ್ದನ್ನು ಜಗಲಿಯಲ್ಲೇ ಬಿಡಿ. ದೇವರ ಕೋಣೆಗೆ ಹೋಗುವಾಗ ಬಿಚ್ಚಿ, ಬಂದ ಕೂಡಲೇ ಹಾಕಿಕೊಳ್ಳಿ.