ಕಾರ್ ಶೆಡ್‌ನ ಪಾಲಿಕಾರ್ಬೊನೇಟ್ ಶೀಟ್ ಸ್ಕ್ರೂ ಹತ್ತಿರ ಸೀಳಿ ಸೋರುತ್ತಿದ್ದರೆ

ಕಾರ್ ಶೆಡ್ ಮೇಲಿನ ಶೀಟ್ ಸೀಳಿ ಸೋರುತ್ತಿದೆ, ಬಿರುಕಿಗೆ ಸಿಲಿಕಾನ್ ಅಂಟು ಮೆತ್ತಿಸಿದರೆ ಸಾಕಾ ಅಂತ ಕೇಳಿದ್ದೀರಿ. ಎರಡೇ ಬೇಸಿಗೆಗೆ 10 ಎಂಎಂ ಶೀಟ್ ಸ್ಕ್ರೂ ಪಕ್ಕದಲ್ಲೇ ಸೀಳಿದೆ ಅಂದ್ರೆ ಬಹುಶಃ ಸ್ಕ್ರೂ ತೂತು ತೀರಾ ಬಿಗಿಯಾಗಿದೆ. ಬೆಂಗಳೂರಿನ ಏಪ್ರಿಲ್ ಬಿಸಿಲಿಗೆ ಶೀಟ್ ಮೀಟರಿಗೆ 2–3 ಎಂಎಂ ಹಿಗ್ಗುತ್ತೆ, ಸಂಜೆ ಮಳೆಗೆ ಥಟ್ಟನೆ ಕುಗ್ಗುತ್ತೆ. ಆಡೋಕೆ ಜಾಗ ಇಲ್ಲದೆ ಸ್ಕ್ರೂ ಸುತ್ತ ನಕ್ಷತ್ರದ ಹಾಗೆ ಕೂದಲೆಳೆ ಬಿರುಕು ಬಿಡುತ್ತೆ. ಬಿರುಕು ಸ್ಕ್ರೂನಿಂದ ದೂರ ಇದ್ದರೆ ಕಾರಣ ಬೇರೆ. ಆಲಿಕಲ್ಲು ಇರಬಹುದು, ಬಿಸಿಲಿನ ಅತಿನೇರಳೆ (ಯುವಿ) ಕಿರಣ ತಡೆಯೋ ಮುಖ ತಲೆಕೆಳಗಾಗಿರಬಹುದು.

ಬರೀ ಸಿಲಿಕಾನ್ ಮೆತ್ತಿಸಬೇಡಿ, ದುಡ್ಡು ದಂಡ. ಮೊದಲು ಇಳಿಜಾರು ಅಳೆಯಿರಿ. ಮೀಟರಿಗೆ 9 ಸೆಂ.ಮೀ. ಆದರೂ ಬೇಕು, ಕಡಿಮೆ ಇದ್ದರೆ ಗೋಡೆ ಕಡೆ ಫ್ರೇಮ್ ಎತ್ತಿಸಿ. ಆಮೇಲೆ ಸೀಳಿದ ಶೀಟ್ ಬದಲಿಸಿ, ಉಳಿದವನ್ನೂ ಬಿಚ್ಚಿಸಿ ತೂತನ್ನು ಸ್ಕ್ರೂಗಿಂತ 3–4 ಎಂಎಂ ದೊಡ್ಡದು ಮಾಡಿಸಿ. ಬಿಸಿಲು ಮಳೆ ತಡೆಯೋ ಇಪಿಡಿಎಂ ಅನ್ನೋ ರಬ್ಬರಿನ ಅಗಲವಾದ ವಾಷರ್ ಹಾಕಿ, ಅದು ಚಪ್ಪಟೆಯಾಗೋಷ್ಟು ಬಿಗಿಸೋಕೆ ಬಿಡಬೇಡಿ. ಕೆಲಸ ಕೆಡೋದು ಇಲ್ಲೇ, ನೀವೇ ಪಕ್ಕದಲ್ಲಿ ನಿಂತು ನೋಡಿ.

ಹೊಸ ಶೀಟಿಗೆ ಅಂಟಿಸಿರೋ ಫಿಲ್ಮ್ ಮೇಲೆ ಯುವಿ ಅಂತ ಬರೆದಿರೋ ಮುಖ ಆಕಾಶಕ್ಕೆ, ಒಳಗಿನ ಕೊಳವೆ ಸಾಲು ಇಳಿಜಾರಿನ ದಿಕ್ಕಿಗೆ. ಮೇಲ್ತುದಿಗೆ ಅಲ್ಯೂಮಿನಿಯಂ ಟೇಪ್, ಕೆಳತುದಿಗೆ ಗಾಳಿಯಾಡೋ ಟೇಪ್. ಗೋಡೆ ಸೇರುವಲ್ಲಿ ಸಂದಿಗೆ ನೀರು ಇಳಿಯದ ಹಾಗೆ ಮುಚ್ಚೋ ಫ್ಲಾಷಿಂಗ್ ಪಟ್ಟಿ ಹಾಕಿಸಿ ನ್ಯೂಟ್ರಲ್ ಸಿಲಿಕಾನ್ ಹಚ್ಚಿಸಿ. ವಿನೆಗರ್ ವಾಸನೆ ಬರೋ ಸಿಲಿಕಾನ್ ಬೇಡ, ಅದು ಶೀಟನ್ನೇ ತಿನ್ನುತ್ತೆ.